ಇಂಗ್ಲಿಷ್ ಆಡುಮಾತಿನಲ್ಲಿ ಭಾರತೀಯ ಮೂಲದ ಪದಗಳು

ಬ್ರಿಟಿಷ್ ಸೈನಿಕರು, ವರ್ತಕರು ಮತ್ತು ಅಧಿಕಾರಿಗಳು ಭಾರತದಲ್ಲಿ ನೆಲೆಸಿದ್ದ ಕಾಲದಲ್ಲಿ ಇಲ್ಲಿನ ಭಾಷೆಗಳಿಂದ ಅನೇಕ ಪದಗಳು ಇಂಗ್ಲಿಷ್ ಆಡುಮಾತಿಗೆ ಸೇರಿದವು. ಇವುಗಳಲ್ಲಿ ಕೆಲವು ಕನ್ನಡದಲ್ಲಿಯೂ ಬಳಕೆಯಲ್ಲಿದ್ದು, ಒಂದೇ ಮೂಲದ ಪದವು ಎರಡು ಭಾಷೆಗಳಲ್ಲಿ ಬೇರೆ ಬೇರೆ ಅರ್ಥ ಪಡೆದಿರುವುದನ್ನು ಕಾಣಬಹುದು.

ಹಾಬ್ಸನ್-ಜಾಬ್ಸನ್

ಇಂತಹ ಪದಗಳ ಪ್ರಸಿದ್ಧ ಕೋಶ 'ಹಾಬ್ಸನ್-ಜಾಬ್ಸನ್'. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸಿದ್ಧಪಡಿಸಿದ ಈ ಕೋಶವು 1886ರಲ್ಲಿ ಪ್ರಕಟವಾಯಿತು. ವಿಲಿಯಂ ಕ್ರೂಕ್ ಪರಿಷ್ಕರಿಸಿದ ಆವೃತ್ತಿ 1903ರಲ್ಲಿ ಹೊರಬಂದಿತು. ಬರ್ನೆಲ್ ಮದ್ರಾಸ್ ಪ್ರಾಂತದ ನಾಗರಿಕ ಸೇವೆಯಲ್ಲಿದ್ದವರು. ದಕ್ಷಿಣ ಭಾರತದ ಲಿಪಿಗಳನ್ನು ಕುರಿತ ಅವರ ಗ್ರಂಥವು 1874ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡಿತ್ತು. 1882ರಲ್ಲಿ ನಿಧನರಾದ ಅವರು ಕೋಶದ ಪ್ರಕಟಣೆಯನ್ನು ಕಾಣಲಿಲ್ಲ.

ಮೊಹರಂ ಮೆರವಣಿಗೆಯ 'ಯಾ ಹಸನ್, ಯಾ ಹುಸೇನ್' ಎಂಬ ಕೂಗನ್ನು ಬ್ರಿಟಿಷ್ ಸೈನಿಕರು ತಮಗೆ ಕೇಳಿಸಿದಂತೆ ಉಚ್ಚರಿಸಿದ್ದರಿಂದ ಕೋಶದ ಹೆಸರು ಹುಟ್ಟಿತು. ಪರಭಾಷೆಯ ಪದವನ್ನು ಸ್ವಭಾಷೆಯ ಧ್ವನಿಗಳಿಗೆ ಹೊಂದಿಸಿಕೊಳ್ಳುವ ಪ್ರವೃತ್ತಿಯನ್ನು ಭಾಷಾವಿಜ್ಞಾನದಲ್ಲಿ ಇದೇ ಹೆಸರಿನಿಂದ ಗುರುತಿಸುವುದುಂಟು.

ಪದಗಳು ಮತ್ತು ಅರ್ಥವ್ಯತ್ಯಾಸ

• ಬ್ಲೈಟಿ: ಮೂಲ 'ವಿಲಾಯತಿ'. ಕನ್ನಡದಲ್ಲಿ ವಿಲಾಯಿತಿ ಎಂದರೆ ವಿದೇಶಿ. ಬ್ರಿಟಿಷ್ ಸೈನಿಕನಿಗೆ ಅದೇ ಪದ ತಾಯ್ನಾಡಾಯಿತು. ಒಂದನೆಯ ಮಹಾಯುದ್ಧದಲ್ಲಿ (1914–18) ಊರಿಗೆ ಮರಳಲು ಸಾಕಾಗುವಷ್ಟು ತೀವ್ರವಾದ ಗಾಯಕ್ಕೂ ಇದೇ ಹೆಸರಿತ್ತು.
• ಕುಶಿ: ಮೂಲ 'ಖುಷ್'. ಕನ್ನಡದ ಖುಷಿ ಸಂತೋಷವನ್ನು ಸೂಚಿಸಿದರೆ, ಇಂಗ್ಲಿಷ್ ಪದವು ಶ್ರಮವಿಲ್ಲದ ಸುಖದ ಕೆಲಸವನ್ನು ಸೂಚಿಸುತ್ತದೆ.
• ಲೂಟ್: ಸುಲಿಗೆ ಎಂಬ ಅರ್ಥದಿಂದ ಮುಂದುವರಿದು ಆಡುಮಾತಿನಲ್ಲಿ ಹಣ ಎಂಬ ಅರ್ಥ ಪಡೆಯಿತು. ಕರಾವಳಿ ಕನ್ನಡದಲ್ಲಿ ಲೂಟಿ ಎಂದರೆ ಮಕ್ಕಳ ತುಂಟತನವೂ ಹೌದು.
• ಪಕ್ಕಾ: ಮೂಲಾರ್ಥ ಮಾಗಿದ, ಬೆಂದ, ಸಂಸ್ಕೃತದ 'ಪಕ್ವ'ಕ್ಕೆ ಸಂಬಂಧಿಸಿದುದು. ಇಂಗ್ಲಿಷಿನಲ್ಲಿ ಅಸಲಿ, ಕನ್ನಡದಲ್ಲಿ ಖಚಿತ.
• ಡೂಲಾಲಿ: ನಾಸಿಕದ ಬಳಿಯ ದೇವಳಾಲಿ ಸೇನಾನೆಲೆಯ ಹೆಸರಿನಿಂದ ಬಂದುದು, ಬುದ್ಧಿಭ್ರಮಣೆ ಎಂದರ್ಥ. ಸ್ವದೇಶಕ್ಕೆ ಹಿಂದಿರುಗುವ ಸೈನಿಕರು ಅಲ್ಲಿ ಹಡಗಿಗಾಗಿ ಬಹುದಿನ ಕಾಯಬೇಕಾಗುತ್ತಿತ್ತು.

ದ್ರಾವಿಡ ಮೂಲದ ಪದಗಳು

ತಮಿಳಿನ 'ಮಿಳಗು ತಣ್ಣೀರ್' (ಮೆಣಸಿನ ನೀರು) ಇಂಗ್ಲಿಷಿನಲ್ಲಿ 'ಮಲ್ಲಿಗಟಾನಿ' ಆಯಿತು. ಅದರ ಮೊಟಕು ರೂಪ 'ಮಲ್' ಮದ್ರಾಸ್ ಪ್ರಾಂತದ ಆಂಗ್ಲ ಅಧಿಕಾರಿಗಳ ಅಡ್ಡಹೆಸರಾಗಿತ್ತು. ಶಿವಮೊಗ್ಗ, ಭದ್ರಾವತಿ, ಶಂಕರಘಟ್ಟದ ಸುತ್ತಮುತ್ತ ಬೆಳೆಯುವ ಅಡಿಕೆಗೆ ಇಂಗ್ಲಿಷಿನಲ್ಲಿರುವ 'ಅರೆಕಾ' ಎಂಬ ಹೆಸರು ಆಡುಮಾತಿನದಲ್ಲವಾದರೂ ಇದೇ ಬಗೆಯ ಮಾರ್ಪಾಡಿಗೆ ನಿದರ್ಶನ. ಅದು ಮಲಯಾಳದ 'ಅಡಕ್ಕ'ದಿಂದ ಪೋರ್ಚುಗೀಸ್ ಮೂಲಕ ಸಾಗಿದ್ದು, ಕನ್ನಡದ 'ಅಡಿಕೆ' ಅದರ ಜ್ಞಾತಿಪದ.

ಜನಪ್ರಿಯ ನಿಷ್ಪತ್ತಿಗಳು

ಆಡುಮಾತಿನ ಪದಗಳು ಬರಹಕ್ಕೆ ತಡವಾಗಿ ಬರುವುದರಿಂದ ಅವುಗಳ ಮೂಲದ ಬಗ್ಗೆ ಕಲ್ಪಿತ ಕಥೆಗಳು ಹುಟ್ಟಿಕೊಳ್ಳುತ್ತವೆ. 'ಪಾಶ್' ಎಂಬುದು ಭಾರತಯಾನದ ಹಡಗುಗಳಲ್ಲಿ ಹೋಗುವಾಗ ಎಡಬದಿಯ, ಬರುವಾಗ ಬಲಬದಿಯ ಕೋಣೆ ಎಂಬ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆಯಿತೆಂಬ ವಿವರಣೆ ಪ್ರಚಲಿತವಾಗಿದೆ. ಇದಕ್ಕೆ ದಾಖಲೆಯ ಆಧಾರ ದೊರೆತಿಲ್ಲ. ಧ್ವನಿಸಾಮ್ಯ ಅಥವಾ ಸೊಗಸಾದ ಕಥೆಯಷ್ಟರಿಂದಲೇ ಪದಮೂಲವನ್ನು ನಿರ್ಣಯಿಸಲಾಗದು. ಕಾಲನಿರ್ದಿಷ್ಟವಾದ ಲಿಖಿತ ಪ್ರಯೋಗಗಳು ಅಗತ್ಯ. ಈ ಕಾರಣಕ್ಕಾಗಿಯೇ ಹಾಬ್ಸನ್-ಜಾಬ್ಸನ್ ಕೋಶವು ಪದಗಳಿಗೆ ಹಳೆಯ ಗ್ರಂಥಗಳ ಪ್ರಯೋಗಗಳನ್ನು ವರ್ಷಸಹಿತ ಉಲ್ಲೇಖಿಸುತ್ತದೆ.