ಕಿವಿ ಮಂದಕ್ಕೆ ಬಿ-ಕಾಂಪ್ಲೆಕ್ಸ್: ಮಲಪನಗುಡಿ–ಸಂಡೂರು ಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆ

ಹೊಸಪೇಟೆ–ಹಂಪಿ ದಾರಿಯ ಮಲಪನಗುಡಿಯಲ್ಲಿ ಕಬ್ಬು, ಬಾಳೆ. ಸಂಡೂರಿನ ಗುಡ್ಡಗಳಲ್ಲಿ ಅದಿರು. ಕ್ರಷರ್, ಡ್ರಿಲ್, ಟಿಪ್ಪರ್‌ಗಳ ಸದ್ದು 85 ಡೆಸಿಬಲ್ ದಾಟಿದಲ್ಲಿ ವರ್ಷಗಟ್ಟಲೆ ದುಡಿದರೆ ಒಳಗಿವಿಯ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಕಿವಿ ಗುಂಯ್‌ಗುಟ್ಟತೊಡಗಿದಾಗ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆಯೇ ಸಿಗುವುದು ಬಿ-ಕಾಂಪ್ಲೆಕ್ಸ್ ಗುಳಿಗೆ. ಕಿವಿಯ ಮಟ್ಟಿಗೆ ಅದಕ್ಕೆ ಆಧಾರವೆಷ್ಟು?

ಕಟ್ಟುನಿಟ್ಟಾದ ಪುರಾವೆ ಬಂದದ್ದು ನೆದರ್ಲೆಂಡ್ಸ್‌ನಿಂದ. 2007ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗವೊಂದರಲ್ಲಿ 50ರಿಂದ 70 ವಯಸ್ಸಿನ 728 ಮಂದಿಯಲ್ಲಿ ಒಂದು ಗುಂಪಿಗೆ ಬಿ ಜೀವಸತ್ವಗಳಲ್ಲೊಂದಾದ ಫೋಲಿಕ್ ಆಮ್ಲ ದಿನಕ್ಕೆ 800 ಮೈಕ್ರೋಗ್ರಾಂ, ಇನ್ನೊಂದಕ್ಕೆ ಹುಸಿಗುಳಿಗೆ ಕೊಟ್ಟರು. ಮೂರು ವರ್ಷದಲ್ಲಿ ಕೆಳ ಆವರ್ತನಗಳ ಶ್ರವಣ ಮೊದಲ ಗುಂಪಿನಲ್ಲಿ 1.0 ಡೆಸಿಬಲ್, ಎರಡನೆಯದರಲ್ಲಿ 1.7 ಡೆಸಿಬಲ್ ಕುಗ್ಗಿತು. ಮೇಲಿನ ಆವರ್ತನಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಗಣಿ ಕಾರ್ಮಿಕನ ಮಟ್ಟಿಗೆ ತೊಡಕು ಇಲ್ಲೇ ಇದೆ. ಗದ್ದಲ ಮೊದಲು ಕಸಿಯುವುದು 4000 ಹರ್ಟ್ಸ್ ಆಸುಪಾಸಿನ, ಅಂದರೆ ಮೇಲಿನ ಆವರ್ತನಗಳ ಕೇಳ್ಮೆಯನ್ನು. ಆಗ ಸ್ವರಗಳು ಗಟ್ಟಿಯಾಗಿಯೇ ಕೇಳಿಸುತ್ತವೆ. ಸಕಾರ, ಶಕಾರಗಳು ಜಾರಿಹೋಗುತ್ತವೆ. ಹೆಂಡತಿ 'ಸಂತೆ' ಎಂದರೆ ಅವನಿಗೆ 'ಅಂತೆ' ಎಂದು ಕೇಳಿಸಬಹುದು. ಅಂದರೆ ಫೋಲಿಕ್ ಆಮ್ಲ ಕಾಯ್ದುಕೊಟ್ಟದ್ದು ಅವನಿನ್ನೂ ಕಳೆದುಕೊಳ್ಳದ ಭಾಗವನ್ನು.

ಇನ್ನೊಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ. ಆ ಪ್ರಯೋಗಕ್ಕೆ ಸೇರಿಸಿಕೊಂಡದ್ದು, ಫೋಲೇಟ್ (ಫೋಲಿಕ್ ಆಮ್ಲದ ಆಹಾರರೂಪ) ಕಡಿಮೆಯಾದಾಗ ರಕ್ತದಲ್ಲಿ ಏರುವ ಹೋಮೋಸಿಸ್ಟೀನ್ ಹೆಚ್ಚಿದ್ದವರನ್ನು. ಬಿ12 ಕೊರತೆಯಿದ್ದವರನ್ನು ಹೊರಗಿಟ್ಟಿದ್ದರು. ನಮ್ಮ ಪರಿಸ್ಥಿತಿ ಹೆಚ್ಚುಕಡಿಮೆ ತಿರುಗುಮುರುಗು. ಪುಂಡಿಪಲ್ಯ, ಕಾಳುಪಲ್ಯಗಳಲ್ಲಿ ಫೋಲೇಟ್ ಇದೆ, ಬೇಯಿಸುವಾಗ ಒಂದಿಷ್ಟು ಹೋದರೂ. ಬಿ12 ಮಾತ್ರ ರೊಟ್ಟಿಯಲ್ಲೂ ಇಲ್ಲ, ಪಲ್ಯದಲ್ಲೂ ಇಲ್ಲ. ಸಸ್ಯಾಹಾರಿ ಮನೆಯಲ್ಲಿ ಅದು ಬರಬೇಕಾದದ್ದು ಹಾಲು-ಮೊಸರಿನಿಂದ. ಇಸ್ರೇಲಿನ 113 ಸೈನಿಕರನ್ನು ಪರೀಕ್ಷಿಸಿದ 1993ರ ವರದಿಯಲ್ಲಿ, ಗದ್ದಲದಿಂದ ಶ್ರವಣದೋಷವೂ ಕಿವಿಮೊರೆತವೂ ಬಂದವರಲ್ಲಿ ಶೇ. 47 ಮಂದಿಗೆ ಬಿ12 ಕೊರತೆಯಿತ್ತು. ಕಿವಿ ಸರಿಯಿದ್ದವರಲ್ಲಿ ಶೇ. 19. ಒಮ್ಮೆ ಅಳೆದು ನೋಡಿದ್ದರಿಂದ ಯಾವುದು ಕಾರಣ, ಯಾವುದು ಕಾಕತಾಳೀಯ ಎಂದು ತೀರ್ಮಾನಿಸಲಾಗದು. ಆದರೆ ಬಿ12 ಕಡಿಮೆಯಿದ್ದವರಿಗೆ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತಹೀನತೆ ಮರೆಯಾಗಿ ನರದ ಹಾನಿ ಒಳಗೊಳಗೇ ಮುಂದುವರಿಯಬಲ್ಲದು ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ಮಾತು.

ಜೀವಸತ್ವ ಹೆಚ್ಚಾದರೆ ನಷ್ಟವೇನು ಎನ್ನುವವರಿಗೆ, ಬಿ ಗುಂಪಿನದಲ್ಲದಿದ್ದರೂ ಒಂದು ನಿದರ್ಶನ: 2015ರಲ್ಲಿ ಪ್ರಕಟವಾದ, ಅಮೆರಿಕದ 65 ಸಾವಿರಕ್ಕೂ ಮಿಕ್ಕ ದಾದಿಯರ ಅಧ್ಯಯನದಲ್ಲಿ ದಿನಕ್ಕೆ 1000 ಮಿಲಿಗ್ರಾಂ ಮೀರಿ ಸಿ ಜೀವಸತ್ವ ಸೇವಿಸಿದವರಲ್ಲಿ ಶ್ರವಣದೋಷ ಹೆಚ್ಚೇ ಕಂಡಿತ್ತು.

ಆದ್ದರಿಂದ ಈ ಸೀಮೆಯಲ್ಲಿ ಅಧ್ಯಯನ ನಡೆದರೆ ಗುಳಿಗೆ ಹಂಚುವ ಮೊದಲು ರಕ್ತದ ಬಿ12 ಅಳೆಯಬೇಕು. ಆಡಿಯೋಗ್ರಾಮ್ ಪಾಳಿ ಮುಗಿದ ಕೂಡಲೇ ತೆಗೆಯದೆ, ಸುಮಾರು 14 ಗಂಟೆ ಸದ್ದಿನಿಂದ ದೂರವಿದ್ದ ಬಳಿಕ ತೆಗೆಯಬೇಕು. ಇಲ್ಲದಿದ್ದರೆ ತಾತ್ಕಾಲಿಕ ಮಂದವೂ ಶಾಶ್ವತ ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಬಿ12 ಕೊರತೆ ಕಂಡವರಿಗೆಲ್ಲ ಚಿಕಿತ್ಸೆ ಸಿಗಬೇಕು. ಇಯರ್‌ಪ್ಲಗ್ ಮಾತ್ರ ಯಾವ ಗುಂಪಿಗೂ ತಪ್ಪುವಂತಿಲ್ಲ.