ವಿಚಲನವಾದ ಮತ್ತು ಲೀಟಾ ಹಾಲಿಂಗ್‌ವರ್ತ್‌ಳ ಆಕ್ಷೇಪಗಳು

ಸ್ತ್ರೀಪುರುಷರ ಬುದ್ಧಿಯಲ್ಲಿ ತಾರತಮ್ಯವುಂಟೆಂಬ ನಂಬಿಕೆ ಬಹು ಪುರಾತನವಾದುದು. ಅದಕ್ಕೆ ಅಳತೆ ತೂಕಗಳ ಆಧಾರವನ್ನು ಒದಗಿಸಬೇಕೆಂಬ ಹವಣು ಮಾತ್ರ ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ವಿದ್ವಾಂಸರದು. ಮೊದಲು ಅವರು ಮಿದುಳನ್ನು ತೂಗಿದರು. 1887ರಲ್ಲಿ ಜಾರ್ಜ್ ರೋಮೇನ್ಸನು ಸ್ತ್ರೀಯ ಮಿದುಳು ಪುರುಷನದಕ್ಕಿಂತ ಸುಮಾರು 5 ಔನ್ಸು ಹಗುರವೆಂಬುದನ್ನು ಹಿಡಿದು ಆಕೆಯ ಬುದ್ಧಿಯೂ ಅಷ್ಟಕ್ಕಷ್ಟೇ ಎಂದು ಅನುಮಾನಿಸಿದನು. ದೇಹದ ಗಾತ್ರವನ್ನು ಲೆಕ್ಕಕ್ಕೆ ತಂದೊಡನೆ ಆ ವಾದ ಬಲಗುಂದಿತು. ತರುವಾಯ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಹೆಲೆನ್ ಥಾಂಪ್ಸನ್ ಎಂಬಾಕೆ 25 ಮಂದಿ ತರುಣರನ್ನೂ 25 ಮಂದಿ ತರುಣಿಯರನ್ನೂ ಒಂದೇ ಬಗೆಯ ಪರೀಕ್ಷೆಗಳಿಗೆ ಒಳಪಡಿಸಿ, ಉಭಯರ ಫಲಿತಾಂಶಗಳು ಬಹುಮಟ್ಟಿಗೆ ಒಂದರೊಳಗೊಂದು ಬೆರೆತಿರುವುವೆಂದೂ, ಉಳಿದ ಅಲ್ಪ ಅಂತರಕ್ಕೆ ಬೆಳೆಸಿದ ರೀತಿಯೇ ಹೆಚ್ಚಾಗಿ ಕಾರಣವೆಂದೂ 1903ರಲ್ಲಿ ಪ್ರಕಟಿಸಿದಳು.

ಹೀಗೆ ಸರಾಸರಿಯ ಆಸರೆ ಸಡಿಲವಾಗತೊಡಗಿದಾಗ ಪ್ರಾಧಾನ್ಯಕ್ಕೆ ಬಂದುದೇ ವಿಚಲನವಾದ. ಗಂಡುಜಾತಿಯಲ್ಲಿ ವ್ಯಕ್ತಿವ್ಯಕ್ತಿಗಳ ನಡುವಣ ವ್ಯತ್ಯಾಸ ಹೆಚ್ಚೆಂಬ ಅಭಿಪ್ರಾಯವನ್ನು ಡಾರ್ವಿನ್ನನು 1871ರಲ್ಲೇ ಸೂಚಿಸಿದ್ದನು; 1894ರಲ್ಲಿ ಹ್ಯಾವ್‌ಲಾಕ್ ಎಲ್ಲಿಸನು ಅದನ್ನು ವಿಸ್ತರಿಸಿ, ಮಹಾಮೇಧಾವಿಗಳೂ ಮಂದಮತಿಗಳೂ ಪುರುಷರಲ್ಲೇ ಅಧಿಕವೆಂದು ಪ್ರತಿಪಾದಿಸಿದನು. ಈ ವಾದದ ಜಾಣತನವನ್ನು ಮೆಚ್ಚಲೇಬೇಕು. ಸ್ತ್ರೀಪುರುಷರ ಸರಾಸರಿ ಬುದ್ಧಿ ಸಮವೆಂದು ಧಾರಾಳವಾಗಿ ಒಪ್ಪಿಕೊಂಡೇ ಅದು ವಿದ್ವತ್ಪೀಠಗಳನ್ನೆಲ್ಲ ಪುರುಷರಿಗೆ ಕಾದಿರಿಸಬಲ್ಲುದಾಗಿತ್ತು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಥಾರ್ನ್‌ಡೈಕನು 1906ರಲ್ಲಿ ಇದರಿಂದ ಒಂದು ಶಿಕ್ಷಣನೀತಿಯನ್ನೇ ನಿಗಮಿಸಿದನು: ಅಸಾಧಾರಣ ಪ್ರತಿಭೆ ಸ್ತ್ರೀಯರಲ್ಲಿ ವಿರಳವಾದುದರಿಂದ, ಅದನ್ನು ಬೇಡುವ ವೃತ್ತಿಗಳಿಗೆ ಅವರನ್ನು ತರಬೇತುಗೊಳಿಸುವುದರಲ್ಲಿ ಸಮಾಜಕ್ಕೆ ಹೆಚ್ಚಿನ ಲಾಭವಿಲ್ಲ.

ಅದೇ ಥಾರ್ನ್‌ಡೈಕನ ಶಿಷ್ಯೆಯಾಗಿದ್ದವಳು ಲೀಟಾ ಸ್ಟೆಟರ್ ಹಾಲಿಂಗ್‌ವರ್ತ್. ನೆಬ್ರಾಸ್ಕಾದಲ್ಲಿ ಜನಿಸಿ, ಅಲ್ಲಿಯೇ ಉಪಾಧ್ಯಾಯಿನಿಯಾಗಿದ್ದ ಈಕೆ 1908ರಲ್ಲಿ ನ್ಯೂಯಾರ್ಕಿಗೆ ಬಂದು ವಿವಾಹವಾದಾಗ, ಆ ನಗರದ ಶಾಲೆಗಳು ವಿವಾಹಿತೆಯರನ್ನು ಉಪಾಧ್ಯಾಯಿನಿಯರನ್ನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಮುಂದೆ ಮಂದಬುದ್ಧಿಯವರನ್ನು ಪರೀಕ್ಷಿಸಿ ಆಶ್ರಮಗಳಿಗೆ ಕಳುಹಿಸುವ ಕೇಂದ್ರವೊಂದರಲ್ಲಿ ಆಕೆಗೆ ಕೆಲಸ ದೊರೆಯಿತು. ವಿಚಲನವಾದಿಗಳ ಪ್ರಬಲ ಪ್ರಮಾಣಗಳಲ್ಲೊಂದು ಇಂತಹ ಆಶ್ರಮಗಳಲ್ಲಿ ಪುರುಷರ ಸಂಖ್ಯೆ ಹೆಚ್ಚೆಂಬುದೇ ಆಗಿತ್ತಾದುದರಿಂದ, ಆಕೆ ಕುಳಿತ ಮೇಜಿನ ಮುಂದೆಯೇ ಆ ಪ್ರಮಾಣ ದಿನದಿನವೂ ರೂಪುಗೊಳ್ಳುತ್ತಿತ್ತೆನ್ನಬಹುದು.

ಸಾವಿರ ಮಂದಿಯ ದಾಖಲೆಗಳನ್ನು ಆಕೆ ಪರಿಶೀಲಿಸಿದಾಗ ಒಟ್ಟು ಲೆಕ್ಕದಲ್ಲಿ ಗಂಡಸರೇ ಹೆಚ್ಚಾಗಿದ್ದರು. ಆದರೆ ಅವರನ್ನೇ ವಯಸ್ಸಿನ ಪ್ರಕಾರ ವಿಂಗಡಿಸಿದೊಡನೆ ಚಿತ್ರ ತಿರುಗಿತು. ಎಳೆಯ ವಯಸ್ಸಿನವರಲ್ಲಿ ಹುಡುಗರೂ, ಪ್ರಾಪ್ತವಯಸ್ಕರಲ್ಲಿ ಸ್ತ್ರೀಯರೂ ಅಧಿಕ. ಹುಡುಗನಾದವನು ದುಡಿಮೆಯ ಪೈಪೋಟಿಗೆ ಬೇಗನೆ ಇಳಿಯಬೇಕಾದುದರಿಂದ ಅವನ ನ್ಯೂನತೆ ಬೇಗನೆ ಬಯಲಾಗುತ್ತದೆ. ಅಷ್ಟೇ ನ್ಯೂನತೆಯುಳ್ಳ ಹುಡುಗಿ ಮುಸುರೆ ತಿಕ್ಕಿ, ಕೂಸನ್ನಾಡಿಸಿ, ಮದುವೆಯಾಗಿ, ಇಲ್ಲವೆ ಬೀದಿಪಾಲಾಗಿ ಹೇಗೋ ಕಾಲ ಕಳೆಯುತ್ತಾಳೆ. ಆಶ್ರಯವಿತ್ತವನು ಸತ್ತಾಗಲೋ ಕೈಬಿಟ್ಟಾಗಲೋ ಮಾತ್ರ ಅವಳು ಪರೀಕ್ಷಕರ ಕಣ್ಣಿಗೆ ಬೀಳುತ್ತಾಳೆ. ಹೀಗೆಂದು ವಿವರಿಸಿದ ಹಾಲಿಂಗ್‌ವರ್ತಳು, ಆಶ್ರಮದ ಲೆಕ್ಕಪುಸ್ತಕ ತೋರಿಸುವುದು ಯಾರನ್ನು ಯಾವಾಗ ಹಿಡಿದು ತಂದರೆಂಬುದನ್ನೇ ಎಂದು ತೀರ್ಮಾನಿಸಿದಳು. ನನ್ನ ಮಟ್ಟಿಗೆ ಆಕೆಯ ಸಮಸ್ತ ಕಾರ್ಯದಲ್ಲಿ ಅತ್ಯಂತ ತೀಕ್ಷ್ಣವಾದ ಭಾಗ ಇದೇ. ಮುಂದಿನ ಪ್ರಯೋಗಗಳು ಇದಕ್ಕಿಂತ ಪ್ರಸಿದ್ಧವಾದರೂ ಇಷ್ಟು ದೂರ ಕಾಣುವುದಿಲ್ಲ.

ಆ ಪ್ರಯೋಗಗಳಲ್ಲಿ ಒಂದನ್ನು ಹೆಲೆನ್ ಮಾಂಟೇಗ್‌ಳೊಡನೆ ಕೈಗೊಂಡು, ಸಾವಿರ ಗಂಡು ಮತ್ತು ಸಾವಿರ ಹೆಣ್ಣು ನವಜಾತ ಶಿಶುಗಳ ತೂಕ, ಉದ್ದ, ತಲೆಯ ಅಳತೆಗಳನ್ನು ಹೋಲಿಸಿ 1914ರಲ್ಲಿ ಪ್ರಕಟಿಸಿದಳು: ಗಂಡುಕೂಸುಗಳು ತುಸು ದೊಡ್ಡವು, ಆದರೆ ಅವುಗಳ ವಿಚಲನೆ ಹೆಚ್ಚಿನದಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಪ್ರಬಂಧ ಋತುಕಾಲದಲ್ಲಿ ಸ್ತ್ರೀಯ ಬುದ್ಧಿ ಮಂದವಾಗುವುದೆಂಬ ಮತವನ್ನು ಕುರಿತದ್ದು. (ನಮ್ಮ ಮನೆಗಳ ಮೂರು ದಿನದ ಮೈಲಿಗೆಯ ಕಟ್ಟಳೆಯೊಡನೆ ಇದನ್ನು ಬೆರೆಸಬಾರದು, ಅದು ಶೌಚಾಶೌಚಕ್ಕೆ ಸೇರಿದುದು, ಪಾಶ್ಚಾತ್ಯ ವೈದ್ಯರ ಆಕ್ಷೇಪವಾದರೋ ಸಾಮರ್ಥ್ಯವನ್ನೇ ಕುರಿತದ್ದು.) 23 ಮಂದಿ ಸ್ತ್ರೀಯರು, ಹೋಲಿಕೆಗೆಂದು ಇಬ್ಬರು ಪುರುಷರು. ಸಣ್ಣ ರಂಧ್ರದೊಳಗೆ ಲೋಹದ ಕಡ್ಡಿಯನ್ನು ಅಂಚಿಗೆ ತಾಗದಂತೆ ಹಿಡಿದುಕೊಳ್ಳುವುದು, ಬಣ್ಣಗಳನ್ನು ಬೇಗಬೇಗನೆ ಹೆಸರಿಸುವುದು, ವಿರುದ್ಧಪದಗಳನ್ನು ಹೇಳುವುದು ಮೊದಲಾದ ಪರೀಕ್ಷೆಗಳನ್ನು ಅವರಲ್ಲಿ ಕೆಲವರಿಗೆ ತಿಂಗಳುಗಟ್ಟಲೆ ಪ್ರತಿದಿನವೂ ನಡೆಸಿದರೂ, ಋತುದಿನಗಳ ಅಂಕಗಳಲ್ಲಿ ಇಳಿಮುಖ ಕಾಣಲಿಲ್ಲ. ಗುರುವಾದ ಥಾರ್ನ್‌ಡೈಕನು ತನ್ನ ಮತಕ್ಕೆ ವಿರುದ್ಧವಾಗಿ ನಡೆದ ಶಿಷ್ಯೆಗೆ ಅಡ್ಡಿಯಾಗಲಿಲ್ಲವೆಂಬುದನ್ನು ಅವನ ಪರವಾಗಿ ಹೇಳಬೇಕು.

ಕೂಸಿನ ತಲೆಯ ಸುತ್ತಳತೆಯಿಂದ ಪ್ರೌಢರ ಬುದ್ಧಿಯ ವಿಚಲನೆ ನಿರ್ಣಯವಾಗದೆಂಬುದು ನಿಜ. ವಾದವೂ ಅಲ್ಲಿಗೆ ಮುಗಿಯಲಿಲ್ಲ. 2005ರಲ್ಲಿ ಹಾರ್ವರ್ಡಿನ ಅಧ್ಯಕ್ಷನಾಗಿದ್ದ ಲಾರೆನ್ಸ್ ಸಮ್ಮರ್ಸನು ವಿಜ್ಞಾನಪೀಠಗಳಲ್ಲಿ ಸ್ತ್ರೀಯರು ವಿರಳವಾಗಿರುವುದಕ್ಕೆ ಈ ವಿಚಲನೆಯನ್ನೂ ಒಂದು ಕಾರಣವಾಗಿ ಮುಂದಿಟ್ಟನು. 2008ರಲ್ಲಿ ಜ್ಯಾನೆಟ್ ಹೈಡ್ ಮತ್ತು ಸಂಗಡಿಗರು ಅಮೆರಿಕದ 10 ರಾಜ್ಯಗಳ ಶಾಲಾ ಗಣಿತಪರೀಕ್ಷೆಗಳನ್ನು ಪರಿಶೀಲಿಸಿ, ಬಾಲಕ ಬಾಲಕಿಯರ ಸರಾಸರಿಯಲ್ಲಿ ಗಣನೀಯ ಅಂತರವಿಲ್ಲವೆಂದೂ, ಬಾಲಕರ ವಿಚಲನೆ ಬಾಲಕಿಯರದರ 1.11ರಿಂದ 1.21ರಷ್ಟೆಂದೂ ಕಂಡರು. ವಿಚಲನೆ ಹೆಚ್ಚೆಂಬುದನ್ನು ಹೀಗೆ ಒಪ್ಪಿಕೊಂಡೇ ಅವರು ಇನ್ನೊಂದು ಲೆಕ್ಕವನ್ನು ಮುಂದಿಟ್ಟರು: ನೂರರಲ್ಲಿ ಒಬ್ಬರಿಗೆ ಮಾತ್ರ ದಕ್ಕುವ ಗಣಿತಶಕ್ತಿ ಬೇಕಾದ ವೃತ್ತಿಯೊಂದರಲ್ಲಿ, ಆ ಎತ್ತರದಲ್ಲಿ ಹುಡುಗಿಯೊಬ್ಬಳಿಗೆ ಹುಡುಗರು ಇಬ್ಬರಿರುವರೆಂದು ಹಿಡಿದರೂ, ಸ್ತ್ರೀಯರ ಪಾಲು ಶೇಕಡಾ 33 ಇರಬೇಕು, ಆ ದೇಶದ ಎಂಜಿನಿಯರಿಂಗ್ ಡಾಕ್ಟರೇಟ್ ವ್ಯಾಸಂಗದಲ್ಲಿ ಆಗ ಇದ್ದುದು ಸುಮಾರು ಶೇಕಡಾ 15.