ಕತ್ತಿನ ಬೆನ್ನುಮೂಳೆಯ ಗಾಯ: ಚಿತ್ರಣ ವಿಧಾನಗಳು ಬೆಳೆದು ಬಂದ ಬಗೆ

ಕತ್ತಿನ ಭಾಗದ ಏಳು ಕಶೇರುಮಣಿಗಳು ತಲೆಯ ಭಾರವನ್ನು ಹೊರುವುದರ ಜೊತೆಗೆ ಅದನ್ನು ಎಲ್ಲ ದಿಕ್ಕಿಗೂ ತಿರುಗಿಸಬೇಕಾಗಿರುವುದರಿಂದ, ಬೆನ್ನುಮೂಳೆಯ ಬೇರೆ ಭಾಗಗಳಿಗಿಂತ ಇಲ್ಲಿ ಚಲನೆ ಹೆಚ್ಚು, ಭದ್ರತೆ ಕಡಿಮೆ. ಈ ಮಣಿಗಳ ಒಳಗಿನ ಕಾಲುವೆಯಲ್ಲಿ ಸಾಗುವ ಬೆನ್ನುಹುರಿಗೆ ಮೇಲ್ಭಾಗದಲ್ಲಿ ತೀವ್ರ ಪೆಟ್ಟು ಬಿದ್ದರೆ ಕೈಕಾಲುಗಳ ಬಲ ಹೋಗುವುದಲ್ಲದೆ ಉಸಿರಾಟವೂ ನಿಲ್ಲಬಹುದು. ಹಾಗಾಗಿ ಅಪಘಾತಕ್ಕೀಡಾದವರ ಕತ್ತನ್ನು ಮೊದಲು ಕಾಲರ್ ಹಾಕಿ ಅಲುಗಾಡದಂತೆ ಹಿಡಿದಿಟ್ಟು, ಅದನ್ನು ಯಾವಾಗ ತೆಗೆಯಬಹುದೆಂದು ಆಮೇಲೆ ತೀರ್ಮಾನಿಸುವುದು ರೂಢಿ. ಈ ತೀರ್ಮಾನದಲ್ಲಿ ಎರಡು ಪ್ರಶ್ನೆಗಳು ಅಡಗಿವೆ: ಮೂಳೆ ಮುರಿದಿದೆಯೇ ಎಂಬುದು ಒಂದು, ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿದಿರುವ ಅಸ್ಥಿರಜ್ಜುಗಳು ಹರಿದಿವೆಯೇ ಎಂಬುದು ಇನ್ನೊಂದು. ಚಿತ್ರಣ ತಂತ್ರಗಳು ಮೊದಲ ಪ್ರಶ್ನೆಗೆ ಬೇಗ ಉತ್ತರ ಕೊಟ್ಟವು. ಎರಡನೆಯದಕ್ಕೆ ಬಹುಕಾಲ ಊಹೆಯೇ ಆಧಾರವಾಗಿತ್ತು.

ವಿಲ್ಹೆಲ್ಮ್ ರಾಂಟ್‌ಜೆನ್ 1895ರಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದ ನಂತರ ಸುಮಾರು ಮುಕ್ಕಾಲು ಶತಮಾನ ಕತ್ತಿನ ಪರೀಕ್ಷೆಯೆಂದರೆ ಎಕ್ಸ್-ರೇ ಪರೀಕ್ಷೆಯೇ ಆಗಿತ್ತು. ಕಾಲಕ್ರಮದಲ್ಲಿ ಮೂರು ನೋಟಗಳು ರೂಢಿಗೆ ಬಂದವು: ಪಕ್ಕದಿಂದ ತೆಗೆದದ್ದು, ಮುಂದಿನಿಂದ ತೆಗೆದದ್ದು, ಮೊದಲೆರಡು ಮಣಿಗಳು ಕಾಣುವಂತೆ ಬಾಯಿ ತೆರೆಸಿ ತೆಗೆದದ್ದು. ಪಕ್ಕದ ನೋಟದಲ್ಲಿ ಭುಜದ ನೆರಳು ಏಳನೆಯ ಮಣಿಯನ್ನು ಮರೆಮಾಡುವುದರಿಂದ, ಒಂದು ತೋಳನ್ನು ತಲೆಯ ಮೇಲಕ್ಕೆ ಎತ್ತಿಸಿ, ಈಜುವವನ ಭಂಗಿಯಲ್ಲಿ ಇನ್ನೊಂದು ಚಿತ್ರ ತೆಗೆಯುವ ಉಪಾಯವೂ ಬಂದಿತು. ಮೃದು ಅಂಗಾಂಶಗಳು ಎಕ್ಸ್-ರೇಯಲ್ಲಿ ಸ್ಪಷ್ಟವಾಗಿ ಮೂಡದ ಕಾರಣ ಮಣಿಗಳ ಸಾಲು ಎಲ್ಲಿ ಸರಿದಿದೆ, ಗಂಟಲ ಹಿಂಭಾಗ ಎಷ್ಟು ಊದಿಕೊಂಡಿದೆ ಎಂಬಂಥ ಪರೋಕ್ಷ ಗುರುತುಗಳಿಂದಲೇ ಗಾಯವನ್ನು ಊಹಿಸಬೇಕಾಗಿತ್ತು.

ಅಟ್ಲಾಸ್ ಎಂದು ಕರೆಯಲಾಗುವ, ಉಂಗುರದ ಆಕಾರದ ಮೊದಲನೆಯ ಮಣಿಯ ಮುರಿತದಲ್ಲಿ ಈ ಊಹೆಯ ಬಲವೂ ಮಿತಿಯೂ ಸ್ಪಷ್ಟವಾಗಿ ಕಾಣುತ್ತವೆ. ನೆತ್ತಿಗೆ ಬಿದ್ದ ಪೆಟ್ಟಿನ ಒತ್ತಡವು ಇಳಿಜಾರಾಗಿರುವ ಪಕ್ಕದ ಗಟ್ಟಿ ಭಾಗಗಳನ್ನು ಹೊರಕ್ಕೆ ತಳ್ಳಿ ಉಂಗುರವನ್ನು ಒಡೆಯುತ್ತದೆಂದು 1920ರಲ್ಲಿ ವಿವರಿಸಿದವರು ಬ್ರಿಟಿಷ್ ಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್. ಆ ಮುರಿತಕ್ಕೆ ಇಂದಿಗೂ ಅವರದೇ ಹೆಸರಿದೆ. ಬಾಯಿ ತೆರೆಸಿ ತೆಗೆದ ಎಕ್ಸ್-ರೇಯಲ್ಲಿ ಒಡೆದ ಉಂಗುರ ನೇರವಾಗಿ ಕಾಣುವುದಿಲ್ಲ, ಪಕ್ಕದ ಭಾಗಗಳು ಕೆಳಗಿನ ಮಣಿಯ ಅಂಚನ್ನು ಮೀರಿ ಹೊರಚಾಚಿರುವುದಷ್ಟೇ ಕಾಣುತ್ತದೆ. ಎರಡೂ ಬದಿಯ ಹೊರಚಾಚು ಸೇರಿ 6.9 ಮಿಲಿಮೀಟರ್ ಮೀರಿದರೆ ಉಂಗುರದೊಳಗಿನ ಅಡ್ಡ ಅಸ್ಥಿರಜ್ಜು ಹರಿದಿರಬೇಕೆಂದು ಸ್ಪೆನ್ಸ್ ಮತ್ತು ಸಂಗಡಿಗರು 1970ರಲ್ಲಿ ಶವಗಳ ಮೇಲಿನ ಪ್ರಯೋಗದಿಂದ ಸೂಚಿಸಿದರು. ಅಡ್ಡಸೀಳಿನ ಚಿತ್ರ ಕೊಡುವ ಸಿ.ಟಿ. ಬಂದ ಮೇಲೆ ಉಂಗುರದ ಬಿರುಕುಗಳು ನೇರವಾಗಿ ಕಂಡವು, ಕಾಂತಕ್ಷೇತ್ರದ ನೆರವಿನಿಂದ ಚಿತ್ರ ರೂಪಿಸುವ ಎಂ.ಆರ್.ಐ. ಬಂದ ಮೇಲೆ ರಜ್ಜುವೂ ಕಂಡಿತು. ಆಗ, ಆ ಅಳತೆಯನ್ನು ಮುಟ್ಟದ ಎಷ್ಟೋ ರೋಗಿಗಳಲ್ಲಿಯೂ ರಜ್ಜು ಹರಿದಿತ್ತೆಂಬುದು ತಿಳಿಯಿತು. ಹೊಸ ಯಂತ್ರವೊಂದು ಬರುವವರೆಗೆ ಹಳೆಯ ಯಂತ್ರ ಎಷ್ಟನ್ನು ಬಿಟ್ಟಿತ್ತೆಂದು ಅಳೆಯಲು ದಾರಿಯೇ ಇರುವುದಿಲ್ಲವೆಂಬುದು ಈ ಕ್ಷೇತ್ರದ ವಿಚಿತ್ರ.

ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆಯಿತು. ದೇಹವನ್ನು ಹಲವು ಕೋನಗಳಿಂದ ಕ್ಷ-ಕಿರಣಗಳಿಂದ ಅಳೆದು, ಗಣಕದ ಲೆಕ್ಕಾಚಾರದಿಂದ ಅಡ್ಡಸೀಳಿನ ಚಿತ್ರ ಕಟ್ಟುವ ಈ ತಂತ್ರವು ಮೊದಮೊದಲು ಮಿದುಳಿಗಷ್ಟೇ ಸೀಮಿತವಾಗಿದ್ದು, ತೀರ ನಿಧಾನವಾಗಿಯೂ ಇತ್ತು. 1980ರ ದಶಕದ ಕೊನೆಯಲ್ಲಿ ಸುರುಳಿ ಸಿ.ಟಿ.ಯೂ ಮುಂದಿನ ದಶಕದ ಕೊನೆಯಲ್ಲಿ ಒಮ್ಮೆಗೇ ಹಲವು ಸೀಳುಗಳನ್ನು ತೆಗೆಯುವ ಯಂತ್ರಗಳೂ ಬಂದ ಮೇಲೆ, ಇಡೀ ಕತ್ತಿನ ಚಿತ್ರವನ್ನು ಸೆಕೆಂಡುಗಳಲ್ಲಿ ಪಡೆದು ಬೇಕಾದ ದಿಕ್ಕಿನಿಂದ ನೋಡುವುದು ಸಾಧ್ಯವಾಯಿತು. ಹೋಮ್ಸ್ ಮತ್ತು ಅಕ್ಕಿನೆಪಲ್ಲಿ 2005ರಲ್ಲಿ ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಎಕ್ಸ್-ರೇ ಸುಮಾರು ಶೇಕಡ 52ರಷ್ಟು ಗಾಯಗಳನ್ನೂ ಸಿ.ಟಿ. ಸುಮಾರು ಶೇಕಡ 98ರಷ್ಟು ಗಾಯಗಳನ್ನೂ ಗುರುತಿಸಿದ್ದವು. ಆ ಅಧ್ಯಯನಗಳಲ್ಲಿ ತೀವ್ರವಾಗಿ ಗಾಯಗೊಂಡವರೇ ಹೆಚ್ಚಾಗಿದ್ದರೆಂಬುದನ್ನು ಮರೆಯದೆ ಈ ಅಂತರವನ್ನು ಓದಬೇಕು. ಹಾಗೆ ಓದಿದರೂ ಅದು ಸಣ್ಣದಲ್ಲ. ರಜ್ಜು, ಹುರಿಗಳ ಪ್ರಶ್ನೆ ಮಾತ್ರ ಬೇರೆಯೇ ಆಗಿತ್ತು.

ಪಿಟ್ಸ್‌ಬರ್ಗ್‌ನ ಪ್ಯಾಂಗ್ ಮತ್ತು ವಿಲ್ಬರ್ಗರ್ 1982ರಲ್ಲಿ ಮಕ್ಕಳಲ್ಲಿ ಕಂಡುಬಂದ ಒಂದು ಸ್ಥಿತಿಯನ್ನು ವಿವರಿಸಿದರು: ಬೆನ್ನುಹುರಿಗೆ ಪೆಟ್ಟಾಗಿರುತ್ತದೆ, ಆದರೆ ಎಕ್ಸ್-ರೇಯಲ್ಲಿ ಏನೂ ಇರುವುದಿಲ್ಲ. ಮಕ್ಕಳ ರಜ್ಜುಗಳು ಸಡಿಲವಾಗಿರುವುದರಿಂದ ಮೂಳೆ ಮುರಿಯದೆಯೇ ಮಣಿಗಳು ಸರಿದು ಮತ್ತೆ ಸ್ಥಾನಕ್ಕೆ ಬರಬಲ್ಲವು. ನಡುವೆ ಹುರಿ ಮಾತ್ರ ಜಗ್ಗಿರುತ್ತದೆ. ಕ್ಷ-ಕಿರಣವಿಲ್ಲದೆ, ಕಾಂತಕ್ಷೇತ್ರದಲ್ಲಿ ದೇಹದ ಜಲಜನಕದ ಪರಮಾಣುಗಳು ಕೊಡುವ ಸಂಕೇತಗಳಿಂದ ಚಿತ್ರ ರೂಪಿಸುವ ಎಂ.ಆರ್.ಐ. ಬಳಕೆಗೆ ಬಂದಾಗ, ಇಂಥ ಹಲವು ಪ್ರಕರಣಗಳಲ್ಲಿ ಹುರಿಯ ಬಾವು, ರಕ್ತಸ್ರಾವ, ಹರಿದ ರಜ್ಜು ಕಣ್ಣಿಗೆ ಬಿದ್ದವು.

ಯಂತ್ರಗಳು ಸೂಕ್ಷ್ಮವಾದಷ್ಟೂ ಯಾರಿಗೆ ಚಿತ್ರ ಬೇಡ ಎಂಬ ಪ್ರಶ್ನೆ ಮುಖ್ಯವಾಯಿತು. ಈ ಕ್ಷೇತ್ರದ ಅತ್ಯಂತ ಪ್ರೌಢ ಸಂಶೋಧನೆ ನಡೆದದ್ದು ಇಲ್ಲಿಯೇ ಎಂದರೆ ತಪ್ಪಾಗಲಾರದು. ಅಮೆರಿಕದ 21 ಆಸ್ಪತ್ರೆಗಳ ನೆಕ್ಸಸ್ ಅಧ್ಯಯನದಲ್ಲಿ (2000) ಚಿತ್ರ ತೆಗೆಸಿಕೊಂಡ 34,069 ಮಂದಿಯಲ್ಲಿ ಕತ್ತಿನ ಮೂಳೆಗೆ ಗಾಯವಾಗಿದ್ದವರು 818 ಮಾತ್ರ. ಕತ್ತಿನ ನಡುಗೆರೆಯಲ್ಲಿ ಮುಟ್ಟಿದರೆ ನೋವಿಲ್ಲದೆ, ಅಮಲಿಲ್ಲದೆ, ಪೂರ್ಣ ಎಚ್ಚರವಿದ್ದು, ನರಗಳ ಹಾನಿಯ ಲಕ್ಷಣವಾಗಲಿ ಗಮನವನ್ನು ಬೇರೆಡೆ ಸೆಳೆಯುವಷ್ಟು ನೋವಿನ ಇತರ ಗಾಯವಾಗಲಿ ಇಲ್ಲದವರನ್ನು ಚಿತ್ರವಿಲ್ಲದೆ ಕಳುಹಿಸಬಹುದೆಂಬ ಅದರ ನಿಯಮ ಆ 818ರಲ್ಲಿ ಎಂಟನ್ನಷ್ಟೇ ಗುರುತಿಸದೆ ಬಿಟ್ಟಿತು. ಮರುವರ್ಷ ಕೆನಡಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚೇ, ಅಪಘಾತದ ಬಗೆ ಅಪಾಯಕಾರಿಯೇ, ರೋಗಿ ತಾನಾಗಿ ಕತ್ತನ್ನು ಎರಡೂ ಕಡೆಗೆ 45 ಡಿಗ್ರಿ ತಿರುಗಿಸಬಲ್ಲನೇ ಎಂಬಂಥ ಪ್ರಶ್ನೆಗಳ ಇನ್ನೊಂದು ನಿಯಮ ಕೊಟ್ಟರು. ಎರಡನ್ನೂ 2003ರಲ್ಲಿ ಹೋಲಿಸಿದಾಗ ಕೆನಡಾದ್ದೇ ಮೇಲಾಯಿತು. ಆದರೆ ಹೋಲಿಸಿದವರು ಅದರ ಕರ್ತೃಗಳೇ ಆಗಿದ್ದರೆಂಬ ಆಕ್ಷೇಪವೂ ಇದೆ.

ಎಚ್ಚರವಿಲ್ಲದ ರೋಗಿಗೆ ಈ ಪ್ರಶ್ನೆಗಳನ್ನು ಕೇಳಲಾಗದು. ಸಿ.ಟಿ. ಸರಿಯಿದ್ದರೂ ರಜ್ಜು ಹರಿದಿರಬಹುದೆಂಬ ಭಯದಿಂದ ಹಿಂದೆ ಅಂಥವರಿಗೆ ದಿನಗಟ್ಟಲೆ ಕಾಲರ್ ಹಾಕಿಡುತ್ತಿದ್ದರು, ಅದರಿಂದ ಚರ್ಮ ಹುಣ್ಣಾಗುತ್ತಿತ್ತು. ಎಂ.ಆರ್.ಐ. ಮಾಡಿದರೆ ಚಿಕಿತ್ಸೆಯೇ ಬೇಡದ ಸಣ್ಣ ಬಾವುಗಳೂ ಕಾಣುತ್ತವೆ. ಉತ್ತಮ ಗುಣಮಟ್ಟದ ಸಿ.ಟಿ. ಸರಿಯಿದ್ದರೆ ಕಾಲರ್ ತೆಗೆಯಬಹುದೆಂದು ಅಮೆರಿಕದ ಆಘಾತ ಶಸ್ತ್ರಚಿಕಿತ್ಸಕರ ಸಂಘಟನೆಯಾದ ಈಸ್ಟ್ 2015ರಲ್ಲಿ ಸಲಹೆ ನೀಡಿತು. ಬೆನ್ನುಮೂಳೆಯ ಮಣಿಗಳು ಒಂದಕ್ಕೊಂದು ಬೆಸೆದು ಬಿದಿರಿನಂತೆ ಗಡುಸಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇರುವವರಲ್ಲಿ ಸಣ್ಣ ಬೀಳುವಿಕೆಯೂ ಅಪಾಯಕಾರಿ ಮುರಿತ ತರಬಹುದಾದ್ದರಿಂದ ಅಲ್ಲಿ ಇಷ್ಟು ನಿಶ್ಚಿಂತೆ ಸಲ್ಲದು.

ಸಿ.ಟಿ. ಚಿತ್ರಗಳಲ್ಲಿ ಮುರಿತ ಗುರುತಿಸುವ ಗಣಕ ಕ್ರಮಗಳಿಗಾಗಿ ಉತ್ತರ ಅಮೆರಿಕದ ವಿಕಿರಣಶಾಸ್ತ್ರ ಸಂಘ 2022ರಲ್ಲಿ ಸ್ಪರ್ಧೆ ನಡೆಸಿತು. ಅವುಗಳ ಪ್ರಯೋಜನ ಸಿ.ಟಿ. ಇರುವಲ್ಲಿ ಮಾತ್ರ. ಮಲೆನಾಡು, ಕರಾವಳಿಗಳಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದವರನ್ನು ಮೊದಲು ಕರೆತರುವ ಆಸ್ಪತ್ರೆಯಲ್ಲಿ ಎಕ್ಸ್-ರೇ ಯಂತ್ರವಷ್ಟೇ ಇದ್ದಾಗ, ಚಿತ್ರ ಸರಿಯಾಗಿ ಕಂಡರೂ ನೋವಿದ್ದವರ ಕಾಲರ್ ತೆಗೆಯದೆ ಸಿ.ಟಿ. ಇರುವಲ್ಲಿಗೆ ಕಳುಹಿಸುವುದೇ ಈಗಿನ ತಿಳಿವಳಿಕೆಗೆ ಹೊಂದುವ ಕ್ರಮ.